ಚಿಕ್ಕಮ್ಮನ ಪರವಾಗಿ ಖುಷಿ

ಅದು ಮಂಗಳವಾರವೋ ಬುಧವಾರವೋ ಖಾತ್ರಿಯಿಲ್ಲ. ಕೆಲವು ವಿವರಗಳನ್ನು ನನ್ನ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಲೂಬಹುದು. ಆದರೆ ಅತ್ತಿಗುಪ್ಪೆಯ ಮನೆಯಲ್ಲಿ ಕಾಫಿ ಕುಡಿಯುತ್ತಾ ಚಿಕ್ಕಪ್ಪ ಚಿಕ್ಕಮ್ಮನ ಮೊಬೈಲಿನಲ್ಲಿ ನಗುಮುಖದ ಚಿತ್ರವನ್ನು ಒತ್ತಿದ್ದನ್ನು ಮಾತ್ರ ಕಣ್ಣಾರೆ ಕಂಡೆ.

‘ಇಂದು ನಿಮ್ಮ ಮನಸ್ಸು ಹೇಗಿದೆ?’ ಎಂದು ದಿನಾ ಬೆಳಿಗ್ಗೆ ಕೇಳುವ ಆ್ಯಪ್ ಅದು. ತೂಕದ ಜೊತೆಗೆ ಖಿನ್ನತೆಯೂ ಅಂಟಿಕೊಂಡ ಚಿಕ್ಕಮ್ಮನಿಗೆಂದು ಡಾಕ್ಟರು ಹಾಕಿಸಿಕೊಟ್ಟಿದ್ದು. ಉತ್ತರ ನೋಡಿಕೊಂಡು ಆಪ್ತಸಮಾಲೋಚಕರು ಫೋನ್ ಮಾಡುತ್ತಾರಂತೆ. ಚಿಕ್ಕಮ್ಮ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

“ಇದೇನ್ ಚಿಕ್ಕಪ್ಪ?” ಎಂದೆ.

“ಅವ್ಳು ಒತ್ತಲ್ಲ ಕಣಮ್ಮ. ಅಳೋ ಮುಖ ಒತ್ತಿದ್ರೆ ಅವ್ರು ಫೋನ್ ಮಾಡಿ ತಲೆ ತಿಂತಾರೆ. ಸುಮ್ನೆ ಯಾಕೆ?” ಎಂದವರೇ ಆ ಮೊಬೈಲನ್ನು ಜೇಬಿಗಿಳಿಸಿ ವಾಕಿಂಗ್ ಹೊರಟರು. ಆ್ಯಪ್ ಎಣಿಸುವ ಹೆಜ್ಜೆಗಳೂ ಚಿಕ್ಕಮ್ಮನ ಹೆಸರಿಗೇ ಜಮಾ ಆಗಬೇಕಲ್ಲ! ಮರಳಿ ಬರುವಷ್ಟರಲ್ಲಿ ಆ್ಯಪ್ ಅಭಿನಂದನೆ ಕಳಿಸಿತ್ತು: ನಿಮ್ಮಲ್ಲಿ ಅದ್ಭುತ ಸುಧಾರಣೆ ಕಾಣುತ್ತಿದೆ. ರ‍್ಯಾಂಕ್ ಬಂದವರಂತೆ ಚಿಕ್ಕಪ್ಪ ಅದನ್ನು ನನಗೆ ತೋರಿಸಿದರು. ಸುಧಾರಣೆ ನಿಜವೇ, ಅವರ ಹೊಟ್ಟೆ ಸ್ವಲ್ಪ ಕರಗಿತ್ತು.

ಒಳಗೆ ಹೋಗಿ ಚಿಕ್ಕಮ್ಮನ ಪಕ್ಕ ಕುಳಿತೆ. ಅವರು ತಿರುಗದೆಯೇ ಹೇಳಿದರು: “ನನ್ನ ಬದ್ಲು ಅವ್ರೇ ನಡೀತಾರೆ, ಅವ್ರೇ ಖುಷಿಯಾಗಿರ್ತಾರೆ ಕಣೇ. ಇನ್ನು ನಂಗೇನ್ ಕೆಲ್ಸ?”

ಅಂದಿನಿಂದ ಯಾರಾದರೂ ಚೆನ್ನಾಗಿದ್ದೇನೆ ಎಂದರೆ ನನಗೆ ಅನುಮಾನ. ಹೊರಡುವಾಗ ಗೇಟಿನ ಬಳಿ ಚಿಕ್ಕಪ್ಪನನ್ನು ಕೇಳಿದ್ದೆ: “ಮೊಬೈಲ್ ದಿನಾ ಕೇಳೋದನ್ನ ನೀವು ಒಂದ್ ಸಲನಾದ್ರೂ ಚಿಕ್ಕಮ್ಮನ್ನ ಕೇಳಿದೀರಾ?” ಅವರು ಜೇಬಿನಿಂದ ಚಿಕ್ಕಮ್ಮನ ಮೊಬೈಲ್ ತೆಗೆದು ಅಂದಿನ ಹೆಜ್ಜೆಗಳ ಲೆಕ್ಕ ನೋಡಿಕೊಂಡರು.