ಬ್ಯಾಡ ಅಲ್ಲ, ಒಲ್ಲೆ

ನಾನು ಶಾಲೆಗೆ ಸೇರಿದ ಮೊದಲ ದಿನವೇ ಏಳನೆಯ ತರಗತಿಯ ಮಕ್ಕಳು ನನ್ನ ಕನ್ನಡವನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ಒಬ್ಬಳನ್ನು ನೇಮಿಸಿಕೊಂಡರು.

“ಯಾರೂ ಗಲಾಟೆ ಮಾಡ್ಬೇಡಿ, ಪುಸ್ತಕ ತೆಗೆದಿಟ್ಕೊಂಡು ನೆಟ್ಟಗೆ ಕೂತ್ಕೊಳಿ” ಎಂದಿದ್ದೆ, ಅಷ್ಟೇ. ಇಡೀ ಕೋಣೆ ನನ್ನ ಬಾಯನ್ನೇ ನೋಡಿತು. ಹಿಂದಿನ ಸಾಲಿನಿಂದ ಒಂದು ದನಿ, “ಅಕ್ಕೋರ, ತಿಳಿವಲ್ತ್ರಿ” ಎಂದಿತು. ಆಗ ಮುಂದಿನ ಸಾಲಿನಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಎದ್ದಳು. ನನಗೆ ಬೆನ್ನು ತಿರುಗಿಸಿ ನಿಂತು ಸಾರಿದಳು: “ಗದ್ಲಾ ಮಾಡಬಾರದಂತ. ಬುಕ್ಕ ತಗದ ಇಟ್ಕೊಂಡು ನೆಟ್ಟಗ ಕುಂಡ್ರಬೇಕಂತ.” ಎಲ್ಲರೂ ಕೂತರು. ಅವಳು ನನ್ನ ಕಡೆ ತಿರುಗಿ, “ಹಾಂ, ಮುಂದ ಹೇಳ್ರಿ ಅಕ್ಕೋರ” ಎಂದಳು.

ಅವಳ ಹೆಸರು ಮಾಳವ್ವ. ಊರು ಬಿಜಾಪುರ ಜಿಲ್ಲೆ, ಹುನಗುಂದ ತಾಲ್ಲೂಕಿನ ಗುಡೂರು. ನಾನು ಮಾಗಡಿ ಸೀಮೆಯ ಹಳ್ಳಿಯಿಂದ ಹೊರಟು, ರೈಲಿನಲ್ಲಿ ಕೂತು ಕೂತು ಬೆನ್ನು ಮರವಾಗಿ, ಬಾದಾಮಿ ನಿಲ್ದಾಣದಲ್ಲಿ ಇಳಿದು ಟಾಂಗಾ ಹತ್ತಿ, ಆಮೇಲೆ ಬಸ್ಸು ಹಿಡಿದು ಇಲ್ಲಿಗೆ ಬಂದವಳು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನ್ನದೇ ರಾಜ್ಯ, ನನ್ನದೇ ಭಾಷೆ ಎಂಬ ಧೈರ್ಯವೊಂದಿತ್ತು. ಪರದೇಶಕ್ಕೆ ಹೋಗುವವರಿಗೆ ಅಲ್ಲಿಯ ಭಾಷೆ ತಮಗೆ ಬಾರದು ಎಂದಾದರೂ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ.

ರಜೆಗೆ ನಮ್ಮೂರಿಗೆ ಬಂದಾಗ ನೀವೆಲ್ಲ ಮೊದಲು ಕೇಳುವುದು ಇಲ್ಲಿ ಮನೆ ಹೇಗೆ ಸಿಕ್ಕಿತು ಎಂದು. ಸುಲಭವಾಗಿ ಸಿಗಲಿಲ್ಲ. ಒಂಟಿ ಹೆಂಗಸು, ನೌಕರಿಯವಳು, ದಕ್ಷಿಣದವಳು ಎಂದು ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಕೊನೆಗೆ ಸಿಕ್ಕಿದವರು ನೀಲವ್ವ. ಹಣೆ ತುಂಬ ವಿಭೂತಿ, ಮನೆಯಲ್ಲಿ ಮಗನ ಮಗ್ಗ. ಪಡಸಾಲೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದರು.

“ಒಬ್ಬಾಕೀನ ಇರ್ತೀರೇನ್ರಿ?”

“ಹೌದು.”

“ಶರಣರ ಹೆಸರು ಹೇಳೂ ಮನಿ ನಮ್ದು, ಜಾತಿ ಕೇಳಬಾರದು. ಆದ್ರೂ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ.”

ಹೇಳಿದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ. ನೀಲವ್ವ ಕಡಿದ ನೂಲಿಗೆ ಗಂಟು ಹಾಕಿ ಮತ್ತೆ ಕಂಡಿಕೆ ತಿರುಗಿಸಿದರು.

“ಕೇಳಿದ್ದಾತು, ಹೇಳಿದ್ದಾತು. ಇನ್ನ ಗಂಟು ಒಳಗ ತಂದಿಡ್ರಿ.”

ನಮ್ಮಲ್ಲಿ ಮನೆಗೆ ಹೆಂಚು, ಇಲ್ಲಿ ಮಣ್ಣಿನ ಮಾಳಿಗೆ. ನಮ್ಮಲ್ಲಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಎಂದಾಗ ನೀಲವ್ವ ಕೈ ನಿಲ್ಲಿಸಿ, “ಹಂಗಾದ್ರ ನಿಮ್ಮ ಕಡೆ ಹಲ್ಲಿಗೆ ಏನ್ ಕೆಲಸ?” ಎಂದರು. ನಾನು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, “ಕುರಿ ತೊಗಲು ಒಣಾ ಹಾಕಿದಂಗ ಆಗೈತಲ್ಲ ಯವ್ವಾ” ಎಂದು ನಕ್ಕರು. ನಗುವಿನಲ್ಲಿ ‘ರೀ’ ಬಿದ್ದುಹೋಗಿ ‘ಯವ್ವಾ’ ಬಂದಿದ್ದನ್ನು ನಾನು ಗಮನಿಸಿದೆ, ಅವರು ಗಮನಿಸಲಿಲ್ಲ. ಆದರೂ ಸಂಜೆಯಾದರೆ ಊರು ನೆನಪಾಗುತ್ತಿತ್ತು. ಎಲ್ಲರ ಒಲೆಯ ಮುಂದೂ ರೊಟ್ಟಿ ಬಡಿಯುವ ಸದ್ದು. ನಮ್ಮೂರಿನಲ್ಲಿ ಆ ಹೊತ್ತಿಗೆ ಮುದ್ದೆ ತೊಳಸುವ ಕೋಲಿನ ಸದ್ದು ಇರುತ್ತಿತ್ತಲ್ಲ ಎಂದು ನೆನೆದು, ಆ ಊಟಕ್ಕೆ, ಆ ಮಾತಿಗೆ, ನನ್ನನ್ನು ‘ಅಮ್ಮಿ’ ಎಂದು ಕರೆಯುವ ಒಂದು ದನಿಗೆ ಹಸಿದು ಮಲಗುತ್ತಿದ್ದೆ.

ಇನ್ನು ಶಾಲೆ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಇಲ್ಲಿಯವರು ಹಳೆಯ ಹೆಸರಿನಲ್ಲೇ ‘ಮುಲ್ಕಿ’ ಅನ್ನುತ್ತಾರೆ. ಮಾಳವ್ವನ ಮನೆಯವರು ಬೀರಪ್ಪನ ಒಕ್ಕಲು, ಕುರಿ ಸಾಕುವವರು. “ಮುಲ್ಕಿ ಪಾಸಾದ್ರ ಹೈಸ್ಕೂಲಿಗೆ ಹಾಕ್ತೇನಿ, ಇಲ್ಲಂದ್ರ ಕುರಿ ಹಿಂದ” ಎಂದು ಅವಳಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ. ಕನ್ನಡ ಪುಸ್ತಕದ ಕೊನೆಯಲ್ಲಿ ಒಂದು ಹಳಗನ್ನಡ ಪದ್ಯವಿತ್ತು. ಅದನ್ನು ಪಾಠಕ್ಕೆ ತೆಗೆದುಕೊಳ್ಳುವ ಮೊದಲೇ ಹೆಡ್ ಮಾಸ್ತರರು ನನ್ನನ್ನು ಕರೆದರು.

“ಆ ಪದ್ಯ ಬಿಟ್ಟುಬಿಡ್ರಿ ಅಕ್ಕೋರ. ನಮ್ಮ ಹುಡುಗ್ರ ತಲಿಗೆ ಹತ್ತೂದಿಲ್ಲ ಅದು. ಆ ಪ್ರಶ್ನಿ ಬಿಟ್ಟು ಮುಂದ ಹೋಗ್ರಿ ಅಂತ ವರ್ಷಾ ಹೇಳ್ತೇನಿ. ಪಾಸ್ ಆಗಿಬಿಡ್ತಾವ.”

ಅವರು ಕೆಟ್ಟವರಲ್ಲ. ಮಕ್ಕಳು ಪಾಸಾಗಲಿ ಎಂಬುದೇ ಅವರ ಆಸೆ. ಆದರೆ ಆ ಮಾತು ನನಗೆ ಎಲ್ಲಿ ತಾಗಿತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಹಕಾರಕ್ಕೆ ನಾಲಿಗೆ ಹೊರಳುವುದಿಲ್ಲ, ನಿಮಗೇ ಗೊತ್ತು. ಹಾಲಿಗೆ ‘ಆಲು’, ಹಸುವಿಗೆ ‘ಅಸ’. ಬಿ.ಎ. ಓದುವಾಗ ತರಗತಿಯಲ್ಲಿ ಎದ್ದು ನಿಂತು ‘ಅಳಗನ್ನಡ’ ಎಂದೆ. ಎಲ್ಲರೂ ನಕ್ಕರು. ಪಾಠ ಹೇಳುವವರೂ ನಕ್ಕು, “ಕೂತ್ಕೊಳಮ್ಮ, ಇದು ನಿಮಗೆಲ್ಲ ಒಗ್ಗೋದಲ್ಲ” ಎಂದರು. ಆ ‘ನಿಮಗೆಲ್ಲ’ ಎಂಬುದರೊಳಗೆ ಕಲ್ಲು ಒಡೆಯುವ ನನ್ನ ಅಪ್ಪ, ಕಾಳು ಕೇರುವ ಅವ್ವ, ನನಗೋಸ್ಕರ ಶಾಲೆ ಬಿಟ್ಟ ಅಣ್ಣ ಎಲ್ಲರೂ ಇದ್ದರು. ನಾನು ಪಟ್ಟು ಹಿಡಿದೆ. ಗೋಡೆಗೆ ಮುಖ ಮಾಡಿ ಹ, ಹಾ, ಹಿ, ಹೀ ತಿದ್ದಿಕೊಂಡೆ. ಓದುತ್ತ ಹೋದಂತೆ ಒಂದು ಸಂಗತಿ ಕಂಡು ನನಗೇ ನಗು ಬಂತು: ಹಳಗನ್ನಡದಲ್ಲಿ ಹಕಾರದ ಕಾಟವೇ ಕಮ್ಮಿ. ಹಾಲು ಅಲ್ಲಿ ಪಾಲ್, ಹುಲಿ ಪುಲಿ, ಹಲ್ಲು ಪಲ್. ಯಾವುದು ನನಗೆ ಒಗ್ಗುವುದಿಲ್ಲ ಎಂದಿದ್ದರೋ ಅಲ್ಲಿ ನನ್ನ ನಾಲಿಗೆ ತಪ್ಪುವ ಹಾಗೇ ಇರಲಿಲ್ಲ! ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅದನ್ನು ಸಣ್ಣ ದನಿಯಲ್ಲಿ ಹೇಳುವ ಅಗತ್ಯ ನನಗೆ ಕಂಡಿಲ್ಲ.

“ಪದ್ಯ ಬಿಡೋದಿಲ್ಲ ಸರ್” ಎಂದೆ.

“ಒಂದ ಕೂಸು ಫೇಲಾದ್ರೂ ನಿಮ್ಮ ಹೊಣಿ ನೋಡ್ರಿ” ಎಂದರು.

ಮೊದಲು ಮಕ್ಕಳಿಗೆ ಈ ಪಕಾರದ ಕೀಲಿಕೈ ಕೊಟ್ಟೆ. ಪ ತೆಗೆದು ಹ ಹಾಕಿ, ಅರ್ಥ ತಾನೇ ಬಾಗಿಲು ತೆರೆಯುತ್ತದೆ ಎಂದೆ. ಅವರು ಕೀಲಿಕೈಯನ್ನು ಹಿಂದುಮುಂದಾಗಿಯೂ ತಿರುಗಿಸಬಹುದು ಎಂದು ಕಂಡುಹಿಡಿದರು. ಹನಮಪ್ಪ ಪನಮಪ್ಪನಾದ, ಹುಣಸೆ ಪುಣಸೆಯಾಯಿತು. ಮರುದಿನ ಅಂಗಳದಲ್ಲಿ ಒಬ್ಬ, “ಲೇ, ಸುಮ್ನಿರ್ರಿಲೇ, ಪೆಡ್ ಮಾಸ್ತರ ಬಂದ್ರು!” ಎಂದು ಕೂಗಿದ್ದು ಅವರ ಕಿವಿಗೇ ಬಿತ್ತು. ಅವರು ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಆ ಪದ್ಯದ ಕಥೆ ಸಣ್ಣದು. ಸೋತ ವೀರನೊಬ್ಬನ ಬಳಿಗೆ ಗೆದ್ದ ರಾಜ ಬರುತ್ತಾನೆ. ಎಲವೋ, ಆನೆ ಕೊಡಲೇ, ಕುದುರೆ ಕೊಡಲೇ, ನಾಡು ಕೊಡಲೇ ಎನ್ನುತ್ತಾನೆ. ಎಲ್ಲದಕ್ಕೂ ವೀರನದು ಒಂದೇ ಉತ್ತರ: ಒಲ್ಲೆ.

ಓದಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹನಮಪ್ಪ ಎದ್ದ. “ಅಕ್ಕೋರ, ನಾವು ಲೇ ಅಂದ್ರ ಹೊರಗ ನಿಂದ್ರಸ್ತೀರಿ. ಇಂವ ರಾಜಾ ಆಗಿ ಎಲವೋ ಅಂತಾನಲ್ರಿ, ಇವಂಗೇನ ಮಾಡ್ತೀರಿ?” ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆಮೇಲೆ ಗಂಭೀರಳಾಗಿ ಹಲಗೆಯ ಮೇಲೆ ಬರೆದೆ: ಒಲ್ಲೆ ಎಂದರೆ ಬೇಡ.

ನಗು ನಿಂತಿತು. ಮಾಳವ್ವ ಎದ್ದಳು.

“ಅಕ್ಕೋರ, ಅದು ತಪ್ಪೈತ್ರಿ.”

“ನಿಘಂಟು ನೋಡೇ ಬರೆದಿದ್ದೀನಿ.”

“ಇಲ್ರಿ. ಬ್ಯಾಡ ಅಂದ್ರ ಬ್ಯಾಡ. ಒಲ್ಲೆ ಅಂದ್ರ ಒಲ್ಲೆ.”

“ಏನು ವ್ಯತ್ಯಾಸ ಹೇಳು.”

ಅವಳು ಜಡೆಯ ತುದಿ ಹಿಡಿದು ಯೋಚಿಸಿದಳು. ಇಷ್ಟು ತಿಳಿಯಾದ ಮಾತನ್ನು ಬಿಡಿಸಿ ಹೇಳುವ ಪ್ರಸಂಗ ಅವಳಿಗೆ ಬಂದಿರಲೇ ಇಲ್ಲ.

“ಹೊಟ್ಟಿ ತುಂಬಿದ ಮ್ಯಾಲ ಅವ್ವ ರೊಟ್ಟಿ ನೀಡಾಕ ಬಂದ್ರ ಬ್ಯಾಡ ಅಂತೇನ್ರಿ. ಹೊಟ್ಟಿ ಹಸದಿರತೈತಿ, ರೊಟ್ಟಿ ಕಣ್ಮುಂದ ಇರತೈತಿ, ಆದ್ರ ಮನಸ್ಸು ಗಟ್ಟಿ ಮಾಡಿದಾಗ ಒಲ್ಲೆ ಅಂತೇನ್ರಿ.”

ನಾನು ಹಲಗೆ ಒರೆಸಿದೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಈ ಪದವಿಲ್ಲ. ನಾನು ಅದನ್ನು ಪುಸ್ತಕದಲ್ಲಿ ಸಂಧಿಸಿದ್ದೆ, ಒಲೆಯ ಮುಂದೆ ಅಲ್ಲ. ಇವರದೋ, ಮಳೆ ಬಾರದಿದ್ದರೂ ‘ಬರವಲ್ತು’ ಎನ್ನುವ ಭಾಷೆ. ಮಳೆಯೇ ಬರಲು ಒಪ್ಪುತ್ತಿಲ್ಲ ಎಂದ ಹಾಗೆ. ಮೊದಲ ದಿನ ನನಗೆ ಹೇಳಿದ ‘ತಿಳಿವಲ್ತು’ ಕೂಡ ಇದೇ ಕುಲದ್ದು. “ಹಾಗಾದ್ರೆ ಆ ವೀರನಿಗೆ ಆನೆ, ಕುದುರೆ, ನಾಡು ಬೇಕಾಗಿತ್ತೋ ಬೇಡವಾಗಿತ್ತೋ?” ಎಂದು ಕೇಳಿದೆ. “ಬೇಕಾಗಿತ್ತ್ರಿ!” ಎಂದು ಎಲ್ಲ ಒಟ್ಟಿಗೆ ಕೂಗಿದರು. “ಅದಕ್ಕ ಒಲ್ಲೆ ಅಂದಾನ್ರಿ.” ಬಿ.ಎ.ಯಲ್ಲಿ ಇಂಥ ಪದ್ಯಗಳಿಗೆ ವೀರನ ವೈರಾಗ್ಯ ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ವೈರಾಗ್ಯವಲ್ಲ, ಹಸಿವು ಮತ್ತು ಹಟ. ಅಲ್ಲಿಂದ ಮುಂದೆ ಪದ್ಯ ತಾನೇ ನಡೆಯಿತು. ವ್ಯಾಕರಣ, ಬಿಡಿಸಿ ಓದುವ ಕ್ರಮ, ಸಂಧಿ ನಾನು ಕೊಟ್ಟೆ. ಗಂಟಲು ಅವರು ಕೊಟ್ಟರು.

ಪರೀಕ್ಷೆ ಹತ್ತಿರವಿತ್ತು. ಆ ಹೊತ್ತಿನಲ್ಲೇ ಅಣ್ಣ ಬಂದ. ಹೇಳದೆ ಕೇಳದೆ ಬಂದಿದ್ದ, ಹೆಗಲ ಮೇಲೆ ರಾಗಿ ಹಿಟ್ಟಿನ ಚೀಲ. ಬಾಯಲ್ಲಿ ಒಂದು ಸುದ್ದಿ: ನಮ್ಮ ಹೋಬಳಿಯ ಶಾಲೆಯಲ್ಲಿ ಈ ಕಡೆಯ ಮೇಷ್ಟ್ರೊಬ್ಬರು ಇದ್ದಾರೆ, ಅವರಿಗೆ ಇಲ್ಲಿಗೆ ಬರುವ ಆಸೆ, ನಾನು ಅಲ್ಲಿಗೆ ಹೋಗಬಹುದು, ಇಬ್ಬರೂ ಒಪ್ಪಿದರೆ ವರ್ಗದ ಅದಲುಬದಲು. ಆದರೆ ಅವರಿಗೆ ಇನ್ನೊಬ್ಬರೂ ಸಿಕ್ಕಿದ್ದಾರೆ, ಕಾಯುವುದಿಲ್ಲ. ಈ ವಾರವೇ ಒಪ್ಪಬೇಕು, ಒಪ್ಪಿದರೆ ಕೂಡಲೇ ಹೊರಡಬೇಕು.

ನಾನು ಹೆಡ್ ಮಾಸ್ತರರ ಬಳಿ ಹೋದೆ. ಅವರು ಕನ್ನಡಕ ತೆಗೆದು, “ಹೋಗ್ರಿ ಅಕ್ಕೋರ, ಯಾರಿಗೂ ತಮ್ಮೂರ ಚಂದ. ಪದ್ಯ ಬಿಟ್ಟು ಉಳದದ್ದು ನಾ ನೋಡ್ಕೋತೇನಿ” ಎಂದರು. ಸಮಾಧಾನ ಮಾಡಲೆಂದೇ ಹೇಳಿದ್ದರು. ಆ ‘ಪದ್ಯ ಬಿಟ್ಟು’ ಎಂಬುದು ಮಾತ್ರ ನನ್ನ ಜೊತೆ ಮನೆಯ ತನಕ ನಡೆದು ಬಂತು.

ನೀಲವ್ವನ ಪಡಸಾಲೆಯಲ್ಲಿ ಅಣ್ಣ ಕೂತಿದ್ದ. ನೀಲವ್ವ ಕಂಡಿಕೆ ಸುತ್ತುತ್ತಿದ್ದರು.

“ಏನಂದ್ರು ನಿಮ್ಮ ಮೇಷ್ಟ್ರು? ಓಗಾನ ನಡಿ ಅಮ್ಮಿ” ಎಂದ ಅಣ್ಣ. “ಈ ಬಿಸ್ಲಲ್ಲಿ ಏನೈತೆ ನಿಂಗೆ? ಊರಲ್ಲೇ ಇಸ್ಕೂಲು, ಊರಲ್ಲೇ ಮುದ್ದೆ. ಅವ್ವ ಒಲೆ ಮುಂದೆ ನಿನ್ ಎಸ್ರೇ ಏಳ್ತಾ ಕುಂತವ್ಳೆ.”

ಎಷ್ಟೋ ಸಂಜೆಗಳಲ್ಲಿ ನಾನು ಬೇಡಿಕೊಂಡಿದ್ದು ಇದನ್ನೇ. ಅದು ಈಗ ಚೀಲ ಹೊತ್ತು ಬಂದು ಎದುರಿಗೆ ಕೂತು ‘ಅಮ್ಮಿ’ ಎನ್ನುತ್ತಿತ್ತು. ಬಾಯಲ್ಲಿ ನೀರು, ಕಣ್ಣಲ್ಲೂ ನೀರು.

“ಅಣ್ಣ, ನಾನು ಒಲ್ಲೆ” ಎಂದೆ.

ಕಂಡಿಕೆ ನಿಂತಿತು.

“ಏನಂದೆ? ಅದ್ಯಾವ ಮಾತಮ್ಮಿ? ಬ್ಯಾಡ ಅಂತಲಾ?”

“ಬ್ಯಾಡ ಅಲ್ಲ. ಒಲ್ಲೆ.”

“ಎರಡೂ ಒಂದೇ ಅಲ್ವಾ?” ಎಂದು ಅಣ್ಣ ನೀಲವ್ವನ ಕಡೆ ನೋಡಿದ. ನೀಲವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಒಂದ ಅಲ್ಲೋ ಯಪ್ಪಾ” ಎಂದರು. ಅಣ್ಣನಿಗೆ ನಾನೇ ಕೂತು ಹೇಳಿದೆ: ಒಗ್ಗೋದಲ್ಲ ಎಂದು ನನಗೆ ಹೇಳಿದ ಮಾತನ್ನು ಈ ಮಕ್ಕಳಿಗೂ ಹೇಳಿ ಮುಗಿಸಿದ್ದಾರೆ, ನಾನು ಈಗ ಎದ್ದು ಬಂದರೆ ಅದು ನಿಜವಾಗಿಬಿಡುತ್ತದೆ ಎಂದು. ಅವನು ತನ್ನ ಒರಟು ಅಂಗೈಯನ್ನೇ ನೋಡಿಕೊಳ್ಳುತ್ತ, “ಓದ್ಸಿದ್ದು ನಾವೇ ಅಲ್ವಾ, ಅನುಭವಿಸ್ಬೇಕು” ಎಂದ. ಹೊರಡುವಾಗ ರಾಗಿ ಹಿಟ್ಟನ್ನು ಬಿಟ್ಟು ಹೋದ.

ಪರೀಕ್ಷೆಯ ದಿನ ಮಾಳವ್ವ ಓಡುತ್ತ ಬಂದಳು. “ಅಕ್ಕೋರ, ಪದ್ಯದ ಪ್ರಶ್ನಿ ಬಂದಿತ್ತ್ರಿ. ಬರದೇನ್ರಿ.”

“ಏನಂತ ಬರೆದೆ?”

“ಹೊಟ್ಟಿ ಹಸದಿತ್ತು, ಆದ್ರೂ ಒಲ್ಲೆ ಅಂದ ಅಂತ.”

ಆ ವರ್ಷ ಯಾರೂ ಪದ್ಯದ ಪ್ರಶ್ನೆ ಬಿಟ್ಟು ಮುಂದೆ ಹೋಗಲಿಲ್ಲ. ಫೇಲಾದವರು ಗಣಿತದಲ್ಲಿ ಫೇಲಾದರು. ಗಣಿತ ಹೆಡ್ ಮಾಸ್ತರರದು. ಅವರು ಪಾಪ ಆ ವಿಷಯ ಎತ್ತಲಿಲ್ಲ. ಜೂನ್‌ನಲ್ಲಿ ಪುಸ್ತಕ ಹಂಚುವಾಗ, “ಪದ್ಯ ನೀವ ತಗೋರಿ ಅಕ್ಕೋರ. ಪೆಡ್ ಮಾಸ್ತರಗ ಬರೂದಿಲ್ಲ ಅದು” ಎಂದರು. ಮಾಳವ್ವ ಈಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪಿ.ಯು. ಓದುತ್ತಿದ್ದಾಳೆ. ಬಂದಾಗಲೆಲ್ಲ ನನ್ನ ಮಾತನ್ನು ಹೊಸ ಮಕ್ಕಳಿಗೆ ಕನ್ನಡಿಸಿ ಹೋಗುತ್ತಾಳೆ. ಅಗತ್ಯವಿಲ್ಲ, ಅಭ್ಯಾಸ.

ರಜೆಗೆ ಊರಿಗೆ ಬಂದಾಗ ನಾನು ಬಟ್ಟೆಗೆ ‘ಅರಿವಿ’ ಎಂದರೆ ನೀವೆಲ್ಲ “ಬಿಜಾಪುರದೋಳು ಬಂದ್ಲು” ಎಂದು ನಗುತ್ತೀರಿ. ಇಲ್ಲಿ, ಇಷ್ಟು ವರ್ಷದ ಮೇಲೂ, ಬೆಂಗಳೂರನ್ನು ಸರಿಯಾಗಿ ನೋಡಿಲ್ಲದ ನನಗೆ ‘ಬೆಂಗಳೂರ ಅಕ್ಕೋರು’ ಎಂದೇ ಹೆಸರು. ಎರಡು ಊರೂ ನನ್ನನ್ನು ಇನ್ನೊಂದು ಊರಿನವಳೆಂದೇ ತಿಳಿದಿವೆ.

ಕಳೆದ ಸಲ ಬಂದಾಗ ಅವ್ವ ಮುದ್ದೆ ಬಡಿಸುತ್ತ, “ಊರು ಬ್ಯಾಡಾಯ್ತಾ ಮಗಾ ನಿಂಗೆ?” ಎಂದಳು. ನಾನು ಇನ್ನೊಂದು ತುತ್ತು ಮುರಿದು ಸಾರಿನಲ್ಲಿ ಅದ್ದಿಕೊಂಡೆ. ಉತ್ತರವನ್ನು ಈ ಕಾಗದದಲ್ಲಿ ಬರೆಯುತ್ತೇನೆ, ಅಣ್ಣ ಯಾರ ಕೈಲಾದರೂ ಓದಿಸಿ ಅವಳಿಗೆ ಹೇಳಲಿ. ಬೇಡ ಎಂದು ನಾನು ಯಾವತ್ತೂ ಅಂದಿಲ್ಲವ್ವ.