ಬಿಳಿ ತಲೆಯ ಹದ್ದು, ಬೇವಿನ ಮರದ ಹದ್ದು

ನಮ್ಮ ಓಣಿಯವರಿಗೆ ಹಕ್ಕಿಗಳೆಂದರೆ ಬಹಳ ಪ್ರೀತಿ ಎಂದು ಯಾರಾದರೂ ಹೇಳಿದರೆ ನಾನು ಈಗಲೂ ಎದ್ದು ಒಳಗೆ ಹೋಗುತ್ತೇನೆ. ಆ ಪ್ರೀತಿಯನ್ನು ಒಂದು ಬೇಸಿಗೆಯ ತುಂಬ ನನ್ನ ನಡುಮನೆಯಲ್ಲಿ ಕೂಡಿಸಿಕೊಂಡು ಚಹಾ ಕೊಟ್ಟಿದ್ದೇನೆ. ಅದರ ಅಳತೆ ನನಗೆ ಗೊತ್ತು.

ಅದು ನನ್ನ ಮೊಣಕಾಲಿನ ಆಪರೇಶನ್ ಆದ ವರ್ಷ. ನಾನು ನರ್ಸ್ ಆಗಿ ದುಡಿದವಳು. ಗದಗ ಹೊಸ ಜಿಲ್ಲೆಯಾಗಿ ಆಸ್ಪತ್ರೆಯ ಬೋರ್ಡು ಬದಲಾದಾಗಲೂ ನನ್ನ ವಾರ್ಡಿನ ವೇಳೆ ಬದಲಾಗಲಿಲ್ಲ. ಔಷಧಿಗೆ ಒಂದು ವೇಳೆ, ಊಟಕ್ಕೆ ಒಂದು ವೇಳೆ, ನೋಡಲು ಬರುವವರಿಗೆ ಒಂದು ವೇಳೆ. ನಿವೃತ್ತಿಯಾದ ಮೇಲೆ ಬೆಟಗೇರಿಯ ಮನೆಯಲ್ಲೂ ಹಾಗೆಯೇ ನಡೆದಿತ್ತು. ಅಂಥವಳಿಗೆ ಡಾಕ್ಟರು ಮೆಟ್ಟಿಲು ಹತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದು ಹೇಳಿ ಕಳಿಸಿದರು. ಸುಮ್ಮನೆ ಕೂಡುವುದು ನನಗೆ ಯಾವತ್ತೂ ಬಂದಿಲ್ಲ. ನೋಡಲು ಬಂದ ಮುಂಡರಗಿಯ ತಂಗಿಯ ಮಗಳು ಎರಡೇ ದಿನದಲ್ಲಿ ನನ್ನ ಗೊಣಗಾಟಕ್ಕೆ ಬೇಸತ್ತು, ಟಿ.ವಿ.ಗೆ ಇಂಟರ್‌ನೆಟ್ ಜೋಡಿಸಿ, ಅಮೆರಿಕದ ಒಂದು ಹದ್ದಿನ ಗೂಡನ್ನು ತೆರೆದುಕೊಟ್ಟು ಹೋದಳು.

ಎತ್ತರದ ಮರದ ತುದಿಯಲ್ಲಿ ಆ ಗೂಡು, ಅದರ ಮೇಲೊಂದು ಕ್ಯಾಮೆರಾ. ಅಲ್ಲಿ ನಡೆಯುವುದು ಆ ಕ್ಷಣವೇ ಇಲ್ಲಿ ಕಾಣುತ್ತಿತ್ತು. ನಾನು ಸಂಜೆಯ ಅಸರ್ ನಮಾಜ್ ಮುಗಿಸಿ ಕುರ್ಚಿಗೆ ಬರುವ ಹೊತ್ತಿಗೆ ಅಲ್ಲಿ ಬೆಳಗು. ತಾಯಿಹಕ್ಕಿ ಮೈಮೇಲೆ ಹಿಮ ಬಿದ್ದರೂ ಅಲುಗದೆ ತತ್ತಿಗಳ ಮೇಲೆ ಕೂತಿರುತ್ತಿತ್ತು. ಬಿಳಿ ತಲೆ, ಹಳದಿ ಕೊಕ್ಕು, ಕಂದು ಮೈ. ಕೆಲವು ದಿನಗಳಲ್ಲಿ ತತ್ತಿ ಒಡೆದು ಎರಡು ಮರಿ ಬಂದವು, ಗಾಯ ಒರೆಸಿ ಎಸೆದ ಹತ್ತಿಯಂಥವು. ಎಲುಬು ಮುರಿಯುವ ಕೊಕ್ಕನ್ನು ಓರೆ ಮಾಡಿ ತಾಯಿ ಅವುಗಳ ಬಾಯಿಗೆ ಮೀನಿನ ಎಳೆ ಇಡುವುದನ್ನು ನೋಡಿ, ಇಂಥ ಕೈಯಿರುವ ನರ್ಸು ನನಗೊಬ್ಬಳೂ ಸಿಗಲಿಲ್ಲವಲ್ಲ ಎಂದುಕೊಂಡೆ.

ಎದುರುಮನೆಯ ಅಕ್ಕಾರು ಮೊದಲ ವಾರದಲ್ಲೇ ಬಂದು ಸೇರಿದರು. ಕಾಳುಕಡಿ ವ್ಯಾಪಾರದ ಮನೆತನ, ನನ್ನ ವಯಸ್ಸಿನವರು. ತತ್ತಿ ಬೇಯಿಸಿದ ವಾಸನೆ ಬಂದರೂ ಕಿಟಕಿ ಮುಚ್ಚುವಷ್ಟು ಮಡಿ. ಟಿ.ವಿ.ಯಲ್ಲಿ ಹಕ್ಕಿಯ ಬಿಳಿ ತಲೆ ಕಂಡದ್ದೇ ಅವರು ಚಪ್ಪಲಿ ಹೊಸ್ತಿಲಾಚೆ ಸರಿಸಿ, ಎರಡೂ ಕೈ ಜೋಡಿಸಿ, ಗಲ್ಲ ಬಡಿದುಕೊಂಡರು. ಅವರ ಪಾಲಿಗೆ ಅದು ಗರುಡ.

ನಾನು ಹುಟ್ಟಿದ್ದು ಹಮ್ಮಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಗರುಡಗಳನ್ನು ನೋಡುತ್ತಲೇ ಬೆಳೆದವಳು. ಅದರ ಮೈ ತಾಮ್ರದ ಬಣ್ಣ, ತಲೆಯ ಜೊತೆ ಎದೆಯೂ ಬಿಳಿ, ಗಾತ್ರವೂ ನಮ್ಮ ಹದ್ದಿನಷ್ಟೇ. ಇದು ಆ ದೇಶದ ದೊಡ್ಡ ಹದ್ದು, ಗರುಡವಲ್ಲ ಎಂದು ಬಿಡಿಸಿ ಹೇಳಿದೆ.

“ಬಿಳಿ ತಲಿ ಕಾಣಂಗಿಲ್ಲೇನ್ರಿ ಸಿಸ್ಟರ್?” ಎಂದರು. “ಗರುಡಪ್ಪ ಅಲ್ಲಿ ಹೋಗಿ ದಪ್ಪ ಆಗ್ಯಾನ. ಅಲ್ಲೀ ನೀರು ಛಲೋ ಇರತೈತಿ.”

ಇನ್ನೊಂದು ದಿನ ಗಂಡುಹಕ್ಕಿ ರಸ್ತೆಯ ಮೇಲೆ ಸತ್ತ ಯಾವುದೋ ಪ್ರಾಣಿಯನ್ನು ಎತ್ತಿಕೊಂಡು ಬಂತು. ಅಕ್ಕಾರು ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ಮೀನಿರಬೇಕು ಎಂದರು. ನಾಲ್ಕು ಕಾಲಿವೆಯಲ್ಲ ಎಂದೆ. ಆ ದೇಶದ ಮೀನಿಗೆ ಇರಬಹುದು ಎಂದು ಅವರೇ ತೀರ್ಮಾನ ಕೊಟ್ಟರು. ನಕ್ಕುಬಿಟ್ಟೆ.

ಮರಿಗಳು ಬೆಳೆದಂತೆ ಓಣಿಯ ಇನ್ನಷ್ಟು ಹೆಂಗಸರು ಬರತೊಡಗಿದರು. ಹತ್ತಿ ಉದುರಿ ಬೂದಿ ಬಣ್ಣದ ತುಪ್ಪಳ ಬಂತು. ತುಪ್ಪಳದ ನಡುವೆ ಗರಿಯ ಕರಿ ಕಡ್ಡಿಗಳು ಮೂಡಿದವು. ಕಾಲು ಮಾತ್ರ ಮೈಗಿಂತ ಮೊದಲೇ ಬೆಳೆದು, ಅಪ್ಪನ ಬೂಟು ತೊಟ್ಟ ಹುಡುಗರ ಹಾಗೆ ಮರಿಗಳು ಗೂಡಿನ ತುಂಬ ಎಡವುತ್ತಿದ್ದವು. ದೊಡ್ಡದು ಸಣ್ಣದರ ನೆತ್ತಿಗೆ ಕುಕ್ಕಿ ಮೊದಲ ತುತ್ತು ಕಸಿಯುತ್ತಿತ್ತು. ಅದು ಥೇಟ್ ತಮ್ಮ ಮೈದುನನ ಹಾಗೆ, ತಾಟು ಬಿಟ್ಟು ಏಳುವ ಮಾತೇ ಇಲ್ಲ ಎಂದು ಅಕ್ಕಾರು ಬೈಯುತ್ತಿದ್ದರು. ಸಣ್ಣದಕ್ಕೆ ತುತ್ತು ಸಿಗದ ದಿನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದು ಬದುಕಿ ಹಾರಿದರೆ ಐದು ತೆಂಗಿನಕಾಯಿ ಒಡೆಸುತ್ತೇನೆಂದು ಹರಕೆಯನ್ನೂ ಹೊತ್ತರು. ಆ ಕಣ್ಣೀರು ಖರೆ. ಅದು ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಮ್ಮ ಅಂಗಳದ ಬೇವಿನ ಮರದಲ್ಲೂ ಒಂದು ಜೋಡಿ ಹದ್ದು ಗೂಡು ಕಟ್ಟಿತ್ತು. ಓಣಿಯ ಮೇಲೆ ದಿನವೂ ಸುತ್ತುವ ಕಂದು ಹದ್ದು. ಕಡ್ಡಿ, ತಂತಿ, ಯಾರದೋ ರವಿಕೆಯ ಚೂರು, ಹಾಲಿನ ಪಾಕೀಟು, ಎಲ್ಲ ಸೇರಿಸಿದ ಗೂಡು. ಅದರಲ್ಲೂ ಎರಡು ಮರಿ. ನನ್ನ ಕುರ್ಚಿಯಿಂದ ಎಡಕ್ಕೆ ನೋಡಿದರೆ ಟಿ.ವಿ., ಬಲಕ್ಕೆ ನೋಡಿದರೆ ಕಿಟಕಿಯಲ್ಲಿ ಬೇವು. ಬಂದವರಲ್ಲಿ ಒಬ್ಬರೂ ಬಲಕ್ಕೆ ತಿರುಗಲಿಲ್ಲ.

ಈ ಹದ್ದುಗಳು ಓಣಿಗೆ ಹೊಸವಲ್ಲ. ನಮ್ಮ ಮುಸ್ಲಿಮರ ಮನೆಗಳಲ್ಲಿ ಯಾರಿಗಾದರೂ ಜಡ್ಡು ಬಂದರೆ ಮಾಂಸದ ತುಂಡುಗಳನ್ನು ಅವರ ತಲೆಯ ಸುತ್ತ ನಿವಾಳಿಸಿ ಇಳಿತೆಗೆದು, ಮಾಳಿಗೆಗೆ ಹೋಗಿ ಹದ್ದಿಗೆ ಎಸೆಯುತ್ತಾರೆ. ಈ ದಾನಕ್ಕೆ ಸದಕಾ ಎನ್ನುತ್ತೇವೆ. ಪೀಡೆಯನ್ನು ಹದ್ದು ತಿಂದು ಹೋಗುತ್ತದೆಂಬ ನಂಬಿಕೆ. ನಾನು ಔಷಧಿಯನ್ನು ನಂಬುವವಳು, ಆದರೂ ಹಿರಿಯರು ಮಾಡಿದ್ದನ್ನು ತಡೆಯಲಿಲ್ಲ. ಹಿಂದಿನ ವರ್ಷ ಎದುರುಮನೆಯ ಮೊಮ್ಮಗನಿಗೆ ಜ್ವರ ಬಿಡದಾದಾಗ ಅಕ್ಕಾರು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಅವರ ಮನೆಗೆ ಮಾಂಸ ಬರುವಂತಿಲ್ಲ, ಅದನ್ನು ನೀವೇ ಮಾಡಿಕೊಡಿ ಎಂದು ಕೇಳಿದರು. ಹುಡುಗನನ್ನು ನಮ್ಮ ಹೊಸ್ತಿಲಲ್ಲಿ ಕೂಡಿಸಿ ನಮ್ಮ ಯಜಮಾನರು ಇಳಿತೆಗೆದರು, ಮಾಳಿಗೆ ಹತ್ತಿ ಎಸೆದರು. ಬೇವಿನ ಈ ಜೋಡಿಯೇ ಬಂದು ತುಂಡುಗಳನ್ನು ಗಾಳಿಯಲ್ಲೇ ಹಿಡಿಯಿತು. ಜ್ವರ ಇಳಿಯಿತು. ವೇಳೆ ತಪ್ಪದೆ ಮಾತ್ರೆ ನುಂಗಿಸಿದವಳು ನಾನು, ಕೀರ್ತಿ ಹದ್ದಿಗೆ ಹೋಯಿತು. ಅದಕ್ಕೂ ನನ್ನ ತಕರಾರಿರಲಿಲ್ಲ.

ಬಿಸಿಲು ಬಲಿತ ಮೇಲೆ ಅಕ್ಕಾರು ತಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಹೋದರು. ಗೂಡಿನಲ್ಲಿ ಮರಿಗಳಿದ್ದುದರಿಂದ ತಾಯಿ ಹದ್ದು ಎರಗಿ ಅವರ ತಲೆಯ ಸೆರಗು ಜಗ್ಗಿ ಹೋಯಿತು. ನೆತ್ತಿಯ ಮೇಲೆ ಸಣ್ಣ ಗೀರು. ನಾನೇ ತೊಳೆದು ಔಷಧಿ ಹಚ್ಚಿದೆ. ಗೂಡು ಕೀಳಿಸಲೇಬೇಕು ಎಂದು ಅವರು ಹಟ ಹಿಡಿದರು. ಮರಿಗಳಿಗೆ ಗರಿ ಬಂದಿದೆ, ಮೂರು ವಾರ ತಡೆದರೆ ತಾವಾಗಿ ಹಾರಿಹೋಗುತ್ತವೆ, ಅಲ್ಲಿಯವರೆಗೆ ಸಂಡಿಗೆಯನ್ನು ನಮ್ಮ ಅಂಗಳದಲ್ಲಿ ಹಾಕಿಕೊಳ್ಳಿ, ನಾನೇ ಕಾಯುತ್ತೇನೆ ಎಂದೆ. ಅವರು “ಆತ್ರಿ ಸಿಸ್ಟರ್” ಎಂದರು. ಆ ಮಾತನ್ನು ನಂಬಿ ನಾನು ಯಜಮಾನರ ಜೊತೆ ಮೊಣಕಾಲು ತೋರಿಸಲು ಹುಬ್ಬಳ್ಳಿಗೆ ಹೋದೆ.

ತಿರುಗಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಬೇವಿನ ಬುಡದಲ್ಲಿ ಕಡ್ಡಿ, ತಂತಿ, ರವಿಕೆಯ ಚೂರು ಚೆಲ್ಲಾಡಿದ್ದವು. ನಾವಿಬ್ಬರೂ ಮನೆಯಲ್ಲಿಲ್ಲದ ದಿನ ನೋಡಿ, ಅಕ್ಕಾರು ಉದ್ದನೆಯ ಗಳ ಹಿಡಿದವನೊಬ್ಬನನ್ನು ಕರೆಸಿ ಗೂಡು ಕೆಡವಿಸಿದ್ದರು. ಒಂದು ಮರಿ ಬಿದ್ದಲ್ಲೇ ಸತ್ತು, ಅದನ್ನು ಕಸದ ಗಾಡಿಗೆ ಹಾಕಿದ್ದೂ ಆಗಿತ್ತು. ಇನ್ನೊಂದು ಗಟಾರದ ಕಲ್ಲಿಗೆ ಒತ್ತಿಕೊಂಡು ಬಾಯಿ ತೆರೆದು ಕೂತಿತ್ತು. ಮೇಲೆ ತಾಯಿ ಸಿಳ್ಳು ಹಾಕುತ್ತ ಸುತ್ತುತ್ತಿತ್ತು.

ಮರಿಯನ್ನು ಬಟ್ಟೆಯಲ್ಲಿ ಹಿಡಿದು ಒಳಗೆ ತಂದೆ. ರೆಕ್ಕೆ, ಕಾಲು ಮುಟ್ಟಿ ನೋಡಿದೆ, ಮುರಿದಿರಲಿಲ್ಲ. ರೊಟ್ಟಿ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಹೊದಿಸಿದೆ. ಯಜಮಾನರು ಮಾಂಸದಂಗಡಿಗೆ ಹೋದರು. ಅರಣ್ಯ ಇಲಾಖೆಗೆ ಫೋನ್ ಮಾಡಿದರೆ ಅತ್ತ ಕಡೆಯವರು, ಅದೇ ಮರದಲ್ಲಿ ಬುಟ್ಟಿ ಕಟ್ಟಿ ನೋಡಿ, ತಾಯಿ ಬಂದರೂ ಬರಬಹುದು ಎಂದರು.

ಆ ಹೊತ್ತಿಗೆ ಸರಿಯಾಗಿ ಎದುರುಮನೆಯ ಅಕ್ಕಾರು ದಿನದ ವೇಳೆಗೆ ಬಂದು ದಿನದ ಜಾಗದಲ್ಲಿ ಕೂತರು.

“ಟಿ.ವಿ. ಹಚ್ಚಿಲ್ಲೇನ್ರಿ ಸಿಸ್ಟರ್? ಸಣ್ಣದಕ್ಕ ಹೊಟ್ಟಿ ತುಂಬಿತೋ ಇಲ್ಲೋ, ಮಧ್ಯಾಹ್ನದಿಂದ ಅದ ಚಿಂತಿ ಆಗೇತಿ ನನಗ.”

ಬುಟ್ಟಿಯನ್ನು ತಂದು ಅವರ ಮುಂದಿಟ್ಟು ಬಟ್ಟೆ ತೆಗೆದೆ. “ಇದನ್ನ ನೋಡ್ರಿ.”

ಅವರು ಕಾಲು ಮೇಲೆತ್ತಿಕೊಂಡರು. “ನಾ ಗೂಡ ತೆಗೀ ಅಂತ ಅಷ್ಟ ಹೇಳಿದ್ನಿರಿ. ಮರೀ ಕೊಲ್ಲು ಅಂತ ಹೇಳಿಲ್ಲ.”

“ಗೂಡ ತೆಗೆದ್ರ ಮರಿ ಎಲ್ಲಿರಬೇಕ್ರಿ ಅಕ್ಕಾರ? ನಿಮ್ಮ ದೇವರ ಮನ್ಯಾಗೇನು?”

“ಅದು ಗರುಡ್ರಿ ಸಿಸ್ಟರ್. ಇದು ಹೆಣಾ ತಿನ್ನೂ ಹದ್ದು. ಅದಕ್ಕೂ ಇದಕ್ಕೂ ಹೋಲಿಕಿ ಮಾಡಬ್ಯಾಡ್ರಿ.”

“ನಿಮ್ಮ ಮೊಮ್ಮಗನ ಜ್ವರ ತಿಂದಾಗ ಇದು ಏನಿತ್ರಿ?”

ಅವರು ಎದ್ದು ಹೋದರು. ವಾರ್ಡಿನಲ್ಲಿ ನಾನು ರೋಗಿಯ ಮನೆಯವರಿಗೆ ಗದರಿದ್ದುಂಟು, ಆದರೆ ಇಷ್ಟು ಸಿಟ್ಟು ಅಲ್ಲಿಯೂ ಬಂದಿರಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸ ಕೆಡುತ್ತದೆ. ತಣ್ಣೀರಿನಲ್ಲಿ ಕೈ ತೊಳೆದುಕೊಂಡು, ಮಾಂಸವನ್ನು ಸಣ್ಣಗೆ ಹೆಚ್ಚಿ, ಚಿಮಟಿಗೆಯಿಂದ ಮರಿಯ ಬಾಯಿಗಿಟ್ಟೆ. ಮೊದಲ ತುಂಡು ಉಗುಳಿತು. ಎರಡನೆಯದನ್ನು ನುಂಗಿ ನನ್ನ ಬೆರಳಿಗೂ ಕುಕ್ಕಿತು. ಅದು ಒಳ್ಳೆಯ ಲಕ್ಷಣ.

ಯಜಮಾನರು ಏಣಿ ಹಚ್ಚಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬುಟ್ಟಿಯನ್ನು ಬೇವಿನ ಕವಲಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿದರು. ಸೈಕಲ್ ಅಂಗಡಿ ಇಟ್ಟು ಬದುಕಿದವರು, ಅವರು ಬಿಗಿದದ್ದು ಸಡಿಲಾಗುವುದಿಲ್ಲ. ನಾವಿಬ್ಬರೂ ಕಿಟಕಿಯಿಂದ ನೋಡುತ್ತ ಕೂತೆವು. ತಾಯಿ ಎದುರಿನ ಕಂಬದ ಮೇಲೆ ಕೂತು ನೋಡಿತು, ಬರಲಿಲ್ಲ. ಕತ್ತಲಾಯಿತು.

“ಮನಷ್ಯಾರ ವಾಸನಿ ಹತ್ತೇತಿ ಅದಕ್ಕ,” ಎಂದರು ಯಜಮಾನರು. “ಇನ್ನ ಬರಲಿಕ್ಕಿಲ್ಲ ಬಿಡು.”

ನಸುಕಿನ ಫಜರ್ ನಮಾಜ್ ಮುಗಿಸಿ ಕಿಟಕಿಗೆ ಬಂದೆ. ಮರಿ ಬುಟ್ಟಿಯ ಅಂಚಿನ ಮೇಲೆ ತಲೆಯಿಟ್ಟು ಕೂಗುತ್ತಿತ್ತು. ಬಿಸಿಲು ಬೀಳುವ ಹೊತ್ತಿಗೆ ತಾಯಿ ಕಂಬದಿಂದ ಕವಲಿಗೆ, ಕವಲಿನಿಂದ ಬುಟ್ಟಿಯ ಅಂಚಿಗೆ ಬಂತು. ಕಾಲಲ್ಲಿ ಒಂದು ಇಲಿ. ಕೊಕ್ಕನ್ನು ಓರೆ ಮಾಡಿ ಮರಿಯ ಬಾಯಿಗೆ ಎಳೆ ಇಟ್ಟಿತು, ಟಿ.ವಿ.ಯಲ್ಲಿ ಇಷ್ಟು ದಿನ ಓಣಿಯವರೆಲ್ಲ ಕೈಮುಗಿದು ನೋಡಿದ್ದ ಅದೇ ರೀತಿಯಲ್ಲಿ.

ಎರಡೇ ದಿನದಲ್ಲಿ ಸುದ್ದಿ ಹಬ್ಬಿತು. ಗಳದವನಿಗೆ ಏಣಿ ಕೊಟ್ಟವರು, ಬಾಗಿಲಲ್ಲಿ ನಿಂತು ನೋಡಿದವರು, ಎಲ್ಲರೂ ಮೊಬೈಲ್ ಹಿಡಿದು ನಮ್ಮ ಗೇಟಿಗೆ ಬಂದರು. ಬುಟ್ಟಿಯಲ್ಲಿ ಹದ್ದು ಮರಿ ಸಾಕಿದ ಓಣಿ ನಮ್ಮದು ಎಂದು ವಿಡಿಯೊ ಕಳಿಸಿದರು. ಎರಡಿದ್ದವು, ಒಂದನ್ನು ನಾವು ಕೊಂದೆವು ಎಂದು ಒಬ್ಬರೂ ಬರೆಯಲಿಲ್ಲ. ನಾನು ಗೇಟಿಗೆ ಕೀಲಿ ಹಾಕಿಸಿದೆ. ಅಮೆರಿಕದ ಗೂಡನ್ನು ನೋಡುವುದು ಬಿಡಲಿಲ್ಲ, ಆದರೆ ಬಾಗಿಲ ಅಗಳಿ ಹಾಕಿಕೊಂಡೇ ನೋಡಿದೆ. ಅಲ್ಲಿಯ ಸಣ್ಣ ಮರಿ ಈಗ ತಿರುಗಿ ಕುಕ್ಕುವುದನ್ನು ಕಲಿತಿತ್ತು.

ಬೇವಿನ ಮರಿ ಬುಟ್ಟಿ ಬಿಟ್ಟು ಕೊಂಬೆಯ ಮೇಲೆ ನಡೆಯತೊಡಗಿತು. ರೆಕ್ಕೆ ಬಡಿದು ಒಂದು ಗೇಣು ಮೇಲೆದ್ದು, ಮತ್ತೆ ಅಲ್ಲೇ ಇಳಿಯುತ್ತಿತ್ತು. ಬೀಳುವುದಾದರೆ ಎದುರುಮನೆಯ ಅಂಗಳಕ್ಕೇ ಬೀಳುತ್ತದೆಂದು ನನಗೆ ದಿಗಿಲು. ಒಂದು ಬೆಳಿಗ್ಗೆ ಅದು ಕೊಂಬೆ ಬಿಟ್ಟಿತು. ಓಲಾಡುತ್ತ ಓಣಿ ದಾಟಿ, ಎದುರುಮನೆಯ ಮಾಳಿಗೆಯ ನೀರಿನ ಟಾಕಿಯ ಮೇಲೆ ಧೊಪ್ಪನೆ ಕೂತಿತು. ಅಕ್ಕಾರು ಆಗಲೇ ಮೇಲಿದ್ದರು, ಕೈಯಲ್ಲಿ ಕಸಬರಿಗೆ. ಮರಿ ಮಿಸುಕಾಡಲಿಲ್ಲ. ಅವರು ನನ್ನ ಕಿಟಕಿಯ ಕಡೆ ನೋಡಿದರು. ಮಾತು ಬಿಟ್ಟ ಮೇಲೆ ಅದೇ ಮೊದಲು.

“ನಮ್ಮ ಟಾಕಿ ಮ್ಯಾಲ ಕುಂತೈತ್ರಿ ಸಿಸ್ಟರ್. ಏನು ಮಾಡ್ಲಿ?”

“ಏನೂ ಮಾಡಬ್ಯಾಡ್ರಿ. ಕಸಬರಿಗಿ ಅಲ್ಲೇ ಬಿಟ್ಟು ಕೆಳಗ ಇಳದು ಬಾಗಲಾ ಹಾಕ್ಕೋರಿ.”

ಅವರು ಇಳಿದರು. ಬಾಗಿಲ ಚಿಲಕ ಬಿದ್ದ ಸದ್ದು ನನ್ನವರೆಗೂ ಕೇಳಿತು. ತಾಯಿ ಬಂದು ಟಾಕಿಯ ಮೇಲೆಯೇ ಮರಿಗೆ ತಿನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಸ್ಟೇಶನ್ನಿನ ದಿಕ್ಕಿಗೆ ಹಾರಿದವು, ಮರಿ ಹಿಂದೆ, ತುಸು ಕೆಳಗೆ. ಅವು ಕಣ್ಣಿಗೆ ಮರೆಯಾಗುವವರೆಗೆ, ಮೊಣಕಾಲು ನೋಯುತ್ತಿದ್ದರೂ, ನಾನು ಕಿಟಕಿಯಲ್ಲಿ ನಿಂತೇ ಇದ್ದೆ. ಎದುರುಮನೆಯ ಬಾಗಿಲು ಅಲ್ಲಿಯವರೆಗೆ ತೆರೆಯಲಿಲ್ಲ. ತೆರೆದ ಮೇಲೆ ಅಕ್ಕಾರು ಓಣಿಗೆ ಬಂದು, ಹಾರಿತೇನು ಎಂದು ಕೇಳಿದರು. ಎರಡು ಮರಿಯಲ್ಲಿ ಒಂದು ಹಾರಿತು ಎಂದೆ.