ನೀರಿನ ಸಾಲು

ಹಸಿರುಮನೆಯ ಗಾಜಿನ ಮೇಲೆ ಬೆಳಗು ಹಾಲಿನಂತೆ ಹರಡಿಕೊಳ್ಳುವ ಹೊತ್ತಿಗೆ ನೂಲಮ್ಮ ಬಟಾಣಿ ಗಿಡಗಳ ನಡುವೆ ಇರುತ್ತಿದ್ದಳು. ಹೆತ್ತವರಿಟ್ಟ ಹೆಸರು ಬೇರೆಯೇ. ಯಾವ ಹೂವು ಯಾವ ದಿನ ಅರಳಿತೆಂದು ಗುರುತಿಗೆ ಬಣ್ಣದ ನೂಲು ಕಟ್ಟಿ ಕಟ್ಟಿ ಈ ಹೆಸರು ಅಂಟಿಕೊಂಡಿತ್ತು. ಮೊದಲು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದವಳು. ಬಟ್ಟೆ ಬಿಟ್ಟು ಹೂವಿಗೆ ಗಂಟುಬಿದ್ದಳು ಎಂದು ಗಂಡ ಛೇಡಿಸುತ್ತಿದ್ದ.

ಹಾರ್ಮೋನು ಸಿಂಪಡಿಸಿದರೆ ಕಾಳಿನಲ್ಲಿ ಪ್ರೋಟೀನು ಹೆಚ್ಚುತ್ತದೆಯೇ ಎಂದು ನೋಡುವ ಪ್ರಯೋಗ, ಅಲ್ಲಿನ ವಿಜ್ಞಾನಿ ಮೇಡಂ ಅವರದು. ಹಾರ್ಮೋನು ಎಂದರೆ ಗಿಡ ತನ್ನ ಕಾಳಿಗೆ ಹೇಳುವ ಪಿಸುಮಾತು. ಒಂದು ‘ಬೆಳೆ’ ಎನ್ನುತ್ತದೆ, ಇನ್ನೊಂದು ‘ಬೆಳೆದದ್ದು ಸಾಕು, ಪ್ರೋಟೀನು ತುಂಬಿಕೊಂಡು ಮಲಗು’ ಎನ್ನುತ್ತದೆ, ಹನಿಯಷ್ಟಿದ್ದರೂ ಕಾಳಿಗೆ ಕೇಳಿಸುತ್ತದೆ ಎಂದು ಅವರು ಒಮ್ಮೆ ವಿವರಿಸಿದ್ದರು. ಅಂದಿನಿಂದ ನೂಲಮ್ಮನಿಗೆ ಪ್ರತಿ ಕಾಯಿಯೊಳಗೂ ಜೋಗುಳ ಕೇಳಿಸತೊಡಗಿತ್ತು. ಅರ್ಧ ಸಾಲುಗಳಿಗೆ ಹಾರ್ಮೋನು, ಹೋಲಿಸಿ ನೋಡಲು ಇನ್ನರ್ಧಕ್ಕೆ ಬರೀ ನೀರು ಸಿಂಪಡಿಸುವುದು ಅವಳ ಕೆಲಸ.

ನೀರಿನ ಸಾಲಿನ ಮುಂದೆ ನಿಂತಾಗಲೆಲ್ಲ ಅವಳ ಕರುಳು ಚುರ್ರೆನ್ನುತ್ತಿತ್ತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಲೋಟದ ಹಾಲನ್ನು ಕಣ್ಣಳತೆಯಲ್ಲಿ ಸರಿಸಮ ಮಾಡಿ ಕೊಡುವವಳು ಇಲ್ಲಿ ಪಂಕ್ತಿಭೇದ ಮಾಡಬೇಕೇ? ಹಾರ್ಮೋನಿನ ಬಾಟಲಿಯ ತಳದಲ್ಲಿ ಉಳಿದದ್ದನ್ನು ಆ ಸಾಲುಗಳಿಗೂ ದಿನವೂ ಒಂದಿಷ್ಟು ಚಿಮುಕಿಸಿಬಿಡುತ್ತಿದ್ದಳು.

ಕಾಯಿ ಬಲಿತು, ಕಾಳು ತೂಗಿ, ಪ್ರೋಟೀನು ಅಳೆದದ್ದಾಯಿತು. ಮೇಡಂ ಮಂಕಾಗಿ ಕೂತಿದ್ದರು. ಎರಡೂ ಕಡೆ ಕಾಳು ಒಂದೇ ಸಮ. ಹಾರ್ಮೋನಿನಿಂದ ಏನೂ ಆಗಲಿಲ್ಲವೆಂದು ವರದಿ ಬರೆದು ನಾಲ್ಕು ವರ್ಷದ ಕೆಲಸಕ್ಕೆ ಮಂಗಳ ಹಾಡುವುದೊಂದೇ ಬಾಕಿ ಎಂದರು. ನೂಲಮ್ಮ ತಾನು ಚಿಮುಕಿಸಿದ್ದನ್ನು ನೆನೆದಳು. ಬಾಯಿ ಬಿಟ್ಟರೆ ಕೆಲಸ ಹೋದೀತು, ಬಿಡದಿದ್ದರೆ ಸುಳ್ಳೊಂದು ಅಚ್ಚಾದೀತು.

“ಮೇಡಂ, ನೀರಿನ ಸಾಲು ಬರೀ ನೀರು ಕುಡ್ದಿಲ್ಲ. ಕದ್ದು ಹಾರ್ಮೋನು ಕುಡಿಸಿದ್ದು ನಾನೇ.”

ಮೇಡಂ ಪೆನ್ನು ಕೆಳಗಿಟ್ಟರು. “ಯಾಕಮ್ಮಾ?”

“ಪಾಪ ಅನ್ನಿಸ್ತು.”

ಬೈಗುಳಕ್ಕೆ ಕಾದು ತಲೆತಗ್ಗಿಸಿ ನಿಂತವಳಿಗೆ ಮೇಡಂ ವರದಿಯ ಕರಡು ಹಾಳೆ ಹರಿದ ಸದ್ದು ಕೇಳಿತು. ಒಂದು ಬೆಳೆ ಪೂರ್ತಿ ನೀರುಪಾಲಾಯಿತು ಎಂದ ಮೇಡಂ ದನಿಯಲ್ಲಿ ಸಿಟ್ಟಿತ್ತು, ಅದರ ಬೆನ್ನಿಗೇ ನಿಟ್ಟುಸಿರೂ ಇತ್ತು. ಮತ್ತೆ ಬಿತ್ತೋಣ, ಸಿಂಪಡಿಸುವುದಕ್ಕೆ ಮಾತ್ರ ಬೇರೆಯವರನ್ನು ನೋಡುತ್ತೇನೆ ಎಂದರು.

“ಬೇರೆಯವ್ರು ಬೇಡ ಮೇಡಂ. ಬಾಟಲಿ ನೀವೇ ತುಂಬಿಸಿ ಕೊಡಿ. ಯಾವುದ್ರಲ್ಲಿ ಏನಿದೆ ಅಂತ ನಂಗೆ ಹೇಳ್ಲೇಬೇಡಿ. ಗೊತ್ತಿಲ್ದಿದ್ರೆ ಪಾಪಾನೂ ಅನ್ನಿಸಲ್ಲ.”

ಮುಂದಿನ ಬೆಳೆಗೆ ಒಂದು, ಎರಡು ಎಂದಷ್ಟೇ ಬರೆದ ಬಾಟಲಿಗಳು ಬಂದವು; ಸಾಲುಗಳಿಗೂ ಅದೇ ಅಂಕಿ. ಯಾವುದು ಏನೆಂದು ಬರೆದ ಚೀಟಿಯನ್ನು ಮೇಡಂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನೂಲಮ್ಮ ನಿರಾಳವಾಗಿ, ಕನಸಿನಲ್ಲಿ ನಡೆದಂತೆ, ಎಲ್ಲ ಗಿಡಗಳ ಮೇಲೂ ಮಂಜು ಚೆಲ್ಲುತ್ತಾ ಹೋದಳು.